ಇಷ್ಟೇನಾ?

ಮಂಗಳವಾರದಿಂದ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. ಪ್ರೊಸೀಜರ್ ಮುಗಿದು ವಾರ್ಡಿಗೆ ಬಂದ ಅಮ್ಮ, ಮಂಪರಿನಲ್ಲೇ ಬಲಪಕ್ಕೆ ತಡವಿಕೊಂಡಳು. ಕೈಗೆ ಸಿಕ್ಕಿದ್ದು ಹೆಬ್ಬೆರಳಗಲದ ಒಂದು ಪ್ಲಾಸ್ಟರ್. "ಇಷ್ಟೇನಾ?" ಎಂದಳು.

ಅದು ಸಮಾಧಾನವೋ ಅನುಮಾನವೋ ನನಗಿನ್ನೂ ಗೊತ್ತಾಗಿಲ್ಲ.

ಲಿವರ್‌ನಲ್ಲಿದ್ದದ್ದು 2 ಸೆಂ.ಮೀ. ಕ್ಯಾನ್ಸರ್ ಗಡ್ಡೆ. ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ ಬೇರೆ ಇರುವುದರಿಂದ ಹೊಟ್ಟೆ ಕೊಯ್ಯುವುದು ಬೇಡವೆಂದು, ಸಿಟಿ ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೇಲಿಂದ ಸೂಜಿ ಇಳಿಸಿ ಮೈಕ್ರೋವೇವ್ ಶಾಖದಲ್ಲಿ ಸುಟ್ಟರು. 60 ಡಿಗ್ರಿ ದಾಟಿದರೆ ಜೀವಕೋಶ ಅಲ್ಲೇ ಸಾಯುತ್ತದೆ. ಆಮೇಲೆ ಇದನ್ನು ಮಾಡಿದ ರೇಡಿಯಾಲಜಿ ಡಾಕ್ಟರು ಸ್ಕ್ರೀನ್ ತೋರಿಸಿದರು. ಗಡ್ಡೆ ಇದ್ದಲ್ಲಿ ಅದಕ್ಕಿಂತ ದೊಡ್ಡ ಕಪ್ಪು ಗುಂಡು! "ಇದೇನು ಡಾಕ್ಟ್ರೇ, ದೊಡ್ಡದಾಗಿದೆ?" ನನ್ನ ಗಂಟಲು ಒಣಗಿತ್ತು. ಅವರು ನಕ್ಕರು. ದೊಡ್ಡದಾಗಿಯೇ ಕಾಣಬೇಕಂತೆ, ಗಡ್ಡೆಯ ಸುತ್ತ ಅರ್ಧದಿಂದ 1 ಸೆಂ.ಮೀ. ಒಳ್ಳೆಯ ಭಾಗವನ್ನೂ ಸೇರಿಸಿ ಸುಡದಿದ್ದರೆ ಅಂಚಿನಿಂದ ಮತ್ತೆ ಚಿಗುರಬಹುದು.

ಇದನ್ನು ಮಾವನಿಗೆ ವಿವರಿಸುವಷ್ಟರಲ್ಲಿ ನಾನು ಸುಸ್ತು. "ಎಕ್ಸ್‌ರೇ ಡಾಕ್ಟ್ರು ಆಪರೇಷನ್ ಮಾಡ್ತಾರೇನೋ? ತೆಗೆದು ತೋರ್ಸಿದ್ರೆ ನಂಬಬಹುದಿತ್ತು. ಸುಟ್ಟಿದ್ದು ಒಳಗೇ ಇದ್ಯಂತಲ್ಲ!" ಹೌದು, ಒಳಗೇ ಇದೆ, ನಿಧಾನಕ್ಕೆ ಕುಗ್ಗಿ ಕಲೆಯಾಗುತ್ತದೆ. ಆದರೆ ಪಿತ್ತಕೋಶದ ಆಪರೇಷನ್ನಿನ ಗೀರನ್ನು ಇಪ್ಪತ್ತು ವರ್ಷದಿಂದ ಅಂಗಿಯೆತ್ತಿ ತೋರಿಸುತ್ತ ಬಂದ ಮನುಷ್ಯನಿಗೆ ಇದು ರುಚಿಸುವುದೆಲ್ಲಿಂದ?

ಮಾವನನ್ನು ಆಡಿಕೊಂಡೇನು, ಅಮ್ಮನೂ ಅದೇ ಪಂಗಡ. ಮರುದಿನ ಸಣ್ಣ ಜ್ವರ ಬಂತು, ಕೈಕಾಲು ಸೋತವು. ಸತ್ತ ಭಾಗಕ್ಕೆ ಮೈ ಹೀಗೆ ಸ್ಪಂದಿಸುವುದುಂಟು ಎಂದು ಮೊದಲೇ ಹೇಳಿದ್ದರು. ಆದರೂ "ಹೊಲಿಗೆನೇ ಇಲ್ಲ, ಮಲಗಿರೋಕೆ ನಾಚಿಕೆಯಾಗತ್ತೆ" ಎಂದು ಎದ್ದು ಕೂತಳು. ನೋಡಲು ಬಂದವರೂ ಪ್ಲಾಸ್ಟರ್ ನೋಡಿ ಹಗುರಾದರು, ಜೋರಾಗಿ ಹರಟಿದರು. ಉದ್ದ ಗಾಯವಿದ್ದಿದ್ದರೆ ಪಿಸುಮಾತಿನಲ್ಲಿ ಐದು ನಿಮಿಷ ಕೂತು ಎದ್ದು ಹೋಗುತ್ತಿದ್ದರು. ಕ್ಯಾನ್ಸರ್ ಅದೇ. ಅಮ್ಮನ ಹೆದರಿಕೆಯೂ ಅಷ್ಟೇ ಇದೆ. ತೋರಿಸಲು ಮಾತ್ರ ಅವಳ ಬಳಿ ಏನೂ ಇಲ್ಲ. ಒಂದು ತಿಂಗಳ ನಂತರದ ಸ್ಕ್ಯಾನ್ ಆಗುವವರೆಗೆ ನನ್ನ ಬಳಿಯೂ ಇಲ್ಲ.

ನಿನ್ನೆ ಪ್ಲಾಸ್ಟರ್ ತೆಗೆದೆವು. "ಎಲ್ಲಿ ಚುಚ್ಚಿದ್ರು, ತೋರ್ಸು" ಎಂದು ಕನ್ನಡಿಗೆ ಪಕ್ಕೆ ತಿರುಗಿಸಿ ನಿಂತಳು. ಅಕ್ಕಪಕ್ಕದಲ್ಲಿ ಎರಡು ಚುಕ್ಕೆ. ಒಂದು ಹಳೆಯ ಮಚ್ಚೆ. ಯಾವುದು ಯಾವುದೆಂದು ತಿಳಿಯದೆ, ಒಂದರ ಮೇಲೆ ಬೆರಳಿಟ್ಟೆ.