ಎಟಿಆರ್ ಲಿವರ್ ಪೆಟ್ಟಿಗೆ: ಏಳನೇ ವಾರ

ಕೊನೆಗೂ ಫ್ಲ್ಯಾಪ್ ಲಿವರ್ ಕೂತಿತು. ಕಲಬುರಗಿಯ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ, ಕಂಪ್ಯೂಟರಿನ ವಿಮಾನ ಸಿಮ್ಯುಲೇಟರ್‌ಗೆ ಅಂತ, ಎರಡು ಪ್ರೊಪೆಲರಿನ ಪ್ರಯಾಣಿಕ ವಿಮಾನ ಎಟಿಆರ್ 72-600ರ ಲಿವರ್ ಪೆಟ್ಟಿಗೆ ಮಾಡುತ್ತಿದ್ದೇನೆ. ಎಡಕ್ಕೆ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಎರಡು ಪವರ್ ಲಿವರ್, ಆಮೇಲೆ ಪ್ರೊಪೆಲರ್ ಮತ್ತು ಇಂಧನದ ಎರಡು ಕಂಡೀಷನ್ ಲಿವರ್, ಬಲಕ್ಕೆ ರೆಕ್ಕೆಯ ಹಿಂಬದಿಯ ಪಟ್ಟಿ ಇಳಿಸುವ ಫ್ಲ್ಯಾಪ್. 2020ರಲ್ಲಿ ಬೀದರ್‌ಗೆ ಶುರುವಾದ ಬೆಂಗಳೂರು ವಿಮಾನವೂ ಎಟಿಆರ್ 72 ಆಗಿತ್ತು. ಅವತ್ತಿನಿಂದ ಇದರ ಮೇಲೆ ಮನಸ್ಸು.

ಹೋದ ವಾರ ಐದೂ ಲಿವರ್‌ಗೆ ಒಂದೇ ಥರದ ಗುಂಡು ಹಿಡಿ ಹಾಕಿದ್ದೆ. ತಪ್ಪು ಮಾಡಿದೆ. ಸಿಮ್ಯುಲೇಟರ್‌ನಲ್ಲಿ ಇಳಿಯುವಾಗ ಕಣ್ಣು ರನ್‌ವೇ ಮೇಲಿತ್ತು. ಫ್ಲ್ಯಾಪ್ ಅಂತ ಎಳೆದದ್ದು ಕಂಡೀಷನ್ ಲಿವರ್.

2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಇಳಿಯಲು ಬರುತ್ತಿದ್ದ ಎಟಿಆರ್ 72ರಲ್ಲಿ ಆಗಿದ್ದೂ ಇದೇ. ಫ್ಲ್ಯಾಪ್ ಬದಲು ಎರಡೂ ಕಂಡೀಷನ್ ಲಿವರ್ ಫೆದರ್‌ಗೆ ಹೋದವು. ಆಗ ಪ್ರೊಪೆಲರ್ ಅಲಗುಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ. ಎಂಜಿನ್ ಓಡುತ್ತಿದ್ದರೂ ವಿಮಾನವನ್ನು ಎಳೆಯುವ ಬಲ ಇರುವುದಿಲ್ಲ. ವಿಮಾನ ಬಿದ್ದು 72 ಜನ ತೀರಿಹೋದರು. ನನ್ನ ಕೈ ತಪ್ಪಿದ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಮರುದಿನವೇ ಬಡಗಿ ಕಾಕಾನ ಹತ್ತಿರ ಹೋದೆ. "ಎಲ್ಲಾ ಒಂದೇ ನಮೂನಿ ಇದ್ರ ಆಗಂಗಿಲ್ಲೇನೋ?" ಅಂದರು. ಪೋಖರಾದ ಕಥೆ ಹೇಳಿದೆ. ಸುಮ್ನೆ ಕೇಳಿಸಿಕೊಂಡು, ಸಾಗವಾನಿ ತುಂಡು ತೆಗೆದು ರೆಕ್ಕೆಯ ಆಕಾರದ ಹಿಡಿ ಕೆತ್ತಿಕೊಟ್ಟರು. ನಿಜವಾದ ವಿಮಾನದಲ್ಲೂ ಫ್ಲ್ಯಾಪ್ ಹಿಡಿ ರೆಕ್ಕೆಯ ಹಾಗೆ, ಚಕ್ರ ಇಳಿಸುವ ಹಿಡಿ ಚಕ್ರದ ಹಾಗೆ ಇರುತ್ತದೆ. ಕಣ್ಣು ಬೇರೆ ಕಡೆ ಇದ್ದರೂ ಬೆರಳಿಗೆ ಗೊತ್ತಾಗಲಿ ಅಂತ. ಆದರೂ ಆಕಾರ ಒಂದೇ ಸಾಲದು ಅಲ್ವಾ? ಈಗ ಕೈ ಇಟ್ಟು, ಬಾಯಲ್ಲಿ "ಫ್ಲ್ಯಾಪ್" ಅಂದು, ಒಮ್ಮೆ ನೋಡಿ, ಆಮೇಲೆ ಎಳೆಯುತ್ತೇನೆ.

ವೈರಿಂಗ್ ಮುಗಿದಿದೆ. ಲಿವರ್ ಎಷ್ಟು ಸರಿಯಿತು ಅಂತ ಕಂಪ್ಯೂಟರಿಗೆ ತಿಳಿಸುವ ಒಂದು ಪೊಟೆನ್ಷಿಯೋಮೀಟರ್ ಓಲಾಡುತ್ತಿತ್ತು, ಬದಲಿಸಿದೆ.

ಭಾನುವಾರ ಕಲಬುರಗಿ ರನ್‌ವೇ ಹಾಕಿ, ತಾಪಮಾನ 42 ಡಿಗ್ರಿ ಇಟ್ಟು, ಟೇಕಾಫ್‌ನಲ್ಲಿ ಒಂದು ಎಂಜಿನ್ ಕೆಡಿಸಿ ನೋಡಿದೆ. ಬಿಸಿ ಗಾಳಿ ತೆಳು, ಹಾಗಾಗಿ ಏರುವುದೇ ನಿಧಾನ. ಕೆಟ್ಟ ಎಂಜಿನ್ನಿನ ಪ್ರೊಪೆಲರನ್ನು ಎಟಿಆರ್ ತಾನೇ ಫೆದರ್ ಮಾಡುತ್ತದೆ, ಇನ್ನೊಂದರ ಬಲವನ್ನೂ ತಾನೇ ಹೆಚ್ಚಿಸುತ್ತದೆ. ಆ ಹೊತ್ತಿಗೆ ಪೈಲಟ್ ಮಾಡಬೇಕಾದದ್ದು ಬಾಲದ ರಡರ್ ತಿರುಗಿಸುವ ಪೆಡಲನ್ನು ಕಾಲಿನಿಂದ ಒತ್ತಿ ಮೂಗು ನೇರ ಇಡುವುದು, ಅವಸರದಲ್ಲಿ ಲಿವರ್ ಮುಟ್ಟದೆ ಇರುವುದು. 2015ರ ಫೆಬ್ರುವರಿ 4ರಂದು ತೈವಾನಿನ ತೈಪೆಯಲ್ಲಿ ಇನ್ನೊಂದು ಎಟಿಆರ್ 72ರ ಬಲ ಎಂಜಿನ್ ಫೆದರ್ ಆದಾಗ ಗಾಬರಿಯಲ್ಲಿ ಚೆನ್ನಾಗಿದ್ದ ಎಡ ಎಂಜಿನ್ ನಿಲ್ಲಿಸಿದರು. 43 ಜನ ಹೋದರು. ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿಸುವುದು ಯಾಕೆ ಅಂತ ಕೈಯಾರೆ ಮಾಡಿದಾಗ ಅರ್ಥವಾಯಿತು.

ಹತ್ತು ಸಲ ಮಾಡಿದೆ. ಮೂರು ಸಲ ಮೂಗು ಪಕ್ಕಕ್ಕೆ ಎಳೆದುಕೊಂಡು ಹೋಯಿತು. ನನ್ನ ಪೆಡಲ್ ತುಂಬಾ ಹಗುರ, ಎಷ್ಟು ಒತ್ತಿದೆ ಅಂತ ಕಾಲಿಗೆ ತಿಳಿಯುತ್ತಿಲ್ಲ. ಗುಜರಿಯಿಂದ ಹಳೆ ಬೈಕಿನ ಎರಡು ಗಟ್ಟಿ ಸ್ಪ್ರಿಂಗ್ ತಂದಿಟ್ಟಿದ್ದೇನೆ. ಮುಂದಿನ ವಾರ ಅವನ್ನು ಕೂರಿಸುವ ಕೆಲಸ.