ಮೂಲ ಹಾಡು ಇರುವಾಗ ಕವರ್ ಕೇಳಿ ಯಾಕೆ ಅಳು ಬರುತ್ತದೆ?

ತುಮಕೂರಿನ ಎಸ್.ಎಸ್. ಪುರಂನಲ್ಲಿ ನಾನು ಸುಗಮ ಸಂಗೀತ ಹೇಳಿಕೊಡುತ್ತೇನೆ. ಪಾಠಕ್ಕೆ ಬರುವ ಮಕ್ಕಳು, ಅವರನ್ನು ಬಿಡಲು ಬರುವ ಅಪ್ಪ ಅಮ್ಮಂದಿರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುತ್ತಾರೆ. "ಮೇಡಂ, ಒರಿಜಿನಲ್ ಅಷ್ಟು ಚೆನ್ನಾಗಿದೆ. ಅದನ್ನೇ ಇನ್ಯಾರೋ ಹಾಡಿದ ಕವರ್ ಕೇಳಿದರೆ ಯಾಕೆ ಜಾಸ್ತಿ ಅಳು ಬರುತ್ತೆ?" ವಿರಹದ ಹಾಡುಗಳ ವಿಷಯದಲ್ಲಂತೂ ಈ ಪ್ರಶ್ನೆ ತಪ್ಪಿದ್ದಲ್ಲ.

ಹಾಡು ಬಾಯಿಪಾಠ ಆಗಿದ್ದರೆ ಕಿವಿಗೆ ಬಿಡುವು ಸಿಗುತ್ತದೆ. ಮುಂದಿನ ಸಾಲು ಗೊತ್ತು, ರಾಗ ಎಲ್ಲಿ ತಿರುಗುತ್ತದೆ ಅನ್ನುವುದೂ ಗೊತ್ತು. ಆಗ ಗಮನವೆಲ್ಲ ಹಾಡುತ್ತಿರುವವರ ಮೇಲೆ ಹೋಗುತ್ತದೆ. ಎಲ್ಲಿ ಉಸಿರು ತಗೊಂಡರು, ಯಾವ ಪದದ ಹತ್ತಿರ ದನಿ ತಡವರಿಸಿತು, ಎಲ್ಲ ಕೇಳಿಸುತ್ತದೆ.

ಹೋದ ವರ್ಷ ಭಾನುವಾರದ ಪಾಠಕ್ಕೆ ಗುಬ್ಬಿಯಿಂದ ಒಬ್ಬರು ಬರತೊಡಗಿದರು. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಒಂದು ದಿನ ಹಳೆಯ ಸಿನಿಮಾದ ವಿರಹದ ಹಾಡೊಂದನ್ನು ಹಾಡುತ್ತೇನೆ ಅಂದರು. ನನ್ನ ಶಿಷ್ಯೆಯೊಬ್ಬಳು ಫೋನಿನಲ್ಲಿ ಆ ಹಾಡಿನ ಬರೀ ವಾದ್ಯಸಂಗೀತ ಹುಡುಕಿ, "ಟ್ರ್ಯಾಕ್ ಹಾಕ್ಲಾ ಅಂಕಲ್?" ಅಂತ ಕೇಳಿದಳು. "ಬೇಡಮ್ಮ, ಬರೀ ಶ್ರುತಿ ಸಾಕು" ಅಂದರು.

ಮೂಲದಲ್ಲಿ ಅದು ಏರು ದನಿಯ ಹಾಡು. ಇವರ ಗಂಟಲಿಗೆ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಮೂರು ಮನೆ, ಅಂದರೆ ಮೂರು ಕೀಲಿ, ಇಳಿಸಿಕೊಟ್ಟೆ. ಲಯವೂ ತಾನಾಗಿಯೇ ನಿಧಾನವಾಯಿತು. ಟ್ರ್ಯಾಕ್ ಹಾಕಿಕೊಂಡರೆ ಅದರ ಹಿಂದೆ ಓಡಲೇಬೇಕು, ಚರಣಗಳ ನಡುವೆ ಪಿಟೀಲು, ಕೊಳಲು ಬಂದು ಮನಸ್ಸಿಗೆ ಸಮಾಧಾನ ಹೇಳಿಬಿಡುತ್ತವೆ. ಇಲ್ಲಿ ಹಾಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ. ಒಂದು ಸಾಲು ಮುಗಿಸಿ ಅವರು ಸುಮ್ನೆ ಕೂತರು. ಬಿ.ಎಚ್. ರಸ್ತೆಯ ಲಾರಿ ಹಾರ್ನ್ ಕೇಳಿಸಿತು. ಆಮೇಲೆ ಮುಂದಿನ ಸಾಲು.

ಸಿನಿಮಾದಲ್ಲಿ ಹಾಡುವವನು ಹುಡುಗ. ಯಾವಾಗ ಬರುತ್ತೀಯ ಎಂದು ಅವನು ಕೇಳಿದರೆ, ಅವಳು ಬಂದರೂ ಬಂದಾಳು ಅನ್ನಿಸುತ್ತದೆ. ಅದೇ ಮಾತನ್ನು ಅರವತ್ತು ದಾಟಿದವರು ಕೇಳಿದಾಗ, ಅವಳು ಬರುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಒಂದು ಅಕ್ಷರ ಬದಲಾಗಿರಲಿಲ್ಲ, ಆದರೂ ಅದು ಬೇರೆಯೇ ಹಾಡಾಗಿತ್ತು. ಯಾರನ್ನು ನೆನೆದು ಹಾಡಿದಿರಿ ಎಂದು ನಾನು ಕೇಳಲಿಲ್ಲ.

ಅವತ್ತು ಮಕ್ಕಳಿಗೆ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಬಗ್ಗೆ ಹೇಳಿದೆ. 'ನಥಿಂಗ್ ಕಂಪೇರ್ಸ್ ಟು ಯೂ' ಬರೆದದ್ದು ಅಮೆರಿಕದ ಗಾಯಕ ಪ್ರಿನ್ಸ್. ದಿ ಫ್ಯಾಮಿಲಿ ಅನ್ನುವ ತಂಡ 1985ರಲ್ಲೇ ಅದನ್ನು ಹೊರತಂದಿತ್ತು. ಆಗ ಯಾರೂ ಹೆಚ್ಚು ಗಮನಿಸಲಿಲ್ಲ. 1990ರಲ್ಲಿ ಶಿನೇಡ್ ಹಾಡಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಬಿಟ್ಟುಹೋದ ಪ್ರೇಯಸಿಯನ್ನು ನೆನೆಯುವ ಹಾಡು ಅದು. ನೀನು ಹಿತ್ತಲಲ್ಲಿ ನೆಟ್ಟ ಹೂಗಳೆಲ್ಲ ಸತ್ತುಹೋದವು ಅನ್ನುವ ಮಾತಿನ ನಡುವೆ ಪ್ರೇಯಸಿಯನ್ನು ಅಮ್ಮ ಅಂತ ಕರೆಯುತ್ತದೆ. ನಾವು ಮಗಳಿಗೂ ಹೆಂಡತಿಗೂ 'ಬಾರಮ್ಮ' ಅನ್ನುವುದಿಲ್ವಾ, ಹಾಗೆ. ಶಿನೇಡ್ ಅವರ ತಾಯಿ 1985ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಹಾಡಿನ ವಿಡಿಯೊ ಚಿತ್ರೀಕರಣದಲ್ಲಿ ಆ ಸಾಲಿಗೆ ಬಂದಾಗ ಅವರಿಗೆ ತಾಯಿಯ ನೆನಪಾಗಿ ಕಣ್ಣೀರು ಬಂತು. ಮೊದಲೇ ಅಂದುಕೊಂಡು ಅತ್ತದ್ದಲ್ಲ. ಬರೆದವನು ಯಾರನ್ನೋ ಕರೆದ ಪದಕ್ಕೆ ಹಾಡಿದವಳ ಬಾಯಲ್ಲಿ ತಾಯಿ ಬಂದು ಕೂತರು.

ನಮ್ಮ ಜಿಲ್ಲೆಗೆ ಇದೇನೂ ಹೊಸದಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಕವಿ ಬಿ.ಎಂ.ಶ್ರೀ 1926ರಲ್ಲಿ ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕಿಳಿಸಿದ 'ಇಂಗ್ಲಿಷ್ ಗೀತಗಳು' ತಂದರು. 'ಕರುಣಾಳು ಬಾ ಬೆಳಕೆ' ಹಾಡುವಾಗ ಅದು ನ್ಯೂಮನ್ ಬರೆದ ಇಂಗ್ಲಿಷ್ ಪ್ರಾರ್ಥನೆ ಅಂತ ಯಾರಿಗೆ ನೆನಪಾಗುತ್ತದೆ?

ಎಲ್ಲ ಕವರ್‌ಗಳೂ ಹೀಗಲ್ಲ. ಮೂಲ ಗಾಯಕರ ಗಮಕ, ಉಸಿರು, ಬಿಕ್ಕು ಎಲ್ಲವನ್ನೂ ಹಾಗೆಯೇ ಇಳಿಸಿದವುಗಳನ್ನು ಕೇಳಿದರೆ ನನಗೆ ಮೂಲವನ್ನೇ ಹಾಕೋಣ ಅನ್ನಿಸುತ್ತದೆ. ಒಂದೇ ಸಾಲನ್ನು ಬೇರೆ ಬೇರೆ ಥರ ತಿರುಗಿಸಿ ಹಾಡುವ ಸಂಗತಿಗಳನ್ನು ಮೂರು ಜಾಸ್ತಿ ಸೇರಿಸಿ ಜಾಣತನ ತೋರಿಸಿದರೆ ದುಃಖ ಎದ್ದು ಹೋಗುತ್ತದೆ.

ಟ್ರ್ಯಾಕ್ ಹಾಕ್ಲಾ ಅಂತ ಕೇಳಿದ ಹುಡುಗಿ ಈಗ ಅದೇ ಹಾಡು ಕಲಿಯುತ್ತಿದ್ದಾಳೆ. ಬರೀ ಶ್ರುತಿಗೆ, ಹಾರ್ಮೋನಿಯಂನಲ್ಲಿ ತನ್ನ ಗಂಟಲಿಗೆ ಒಗ್ಗುವ ಮನೆಯಲ್ಲಿ. ಎರಡನೇ ಚರಣ ಇನ್ನೂ ಗಂಟಲಲ್ಲಿ ಕೂತಿಲ್ಲ.