ನಾಲ್ಕು ವರ್ಷಕ್ಕೆ ವಾಪಸ್ ಬಂದ ಆಕ್ಸಿಮೀಟರ್

25 ಮಾರ್ಚ್ 2025, ಮಂಗಳವಾರ
ಬೆಂಗಳೂರು

ಯುಗಾದಿಗೆ ಇನ್ನು ಐದೇ ದಿನ. ಬೀದಿಗೆ ಬೀದಿಯೇ ಅಟ್ಟದ ಧೂಳು ಕೊಡವುತ್ತಿದೆ. ಬೆಳಿಗ್ಗೆ ಎದುರುಮನೆ ಆಂಟಿ ಗೇಟಿನ ಹತ್ತಿರ ಬಂದು, "ಇದು ನಿಮ್ಮನೇದೇ ಅಲ್ವೇನಪ್ಪಾ? ಬೀರು ಕ್ಲೀನ್ ಮಾಡ್ತಿದ್ದೆ, ಸಿಕ್ತು" ಅಂತ ಕೈಗಿಟ್ಟರು. ನಮ್ಮ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಮಟ್ಟ ನೋಡುವ ಯಂತ್ರ! ಸೆಲ್ಲು ಒಸರಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದೆ. ಬೆನ್ನಿಗಂಟಿಸಿದ ಬಿಳಿ ಟೇಪಿನ ಮೇಲೆ ನನ್ನದೇ ಅಕ್ಷರ: '94ರ ಕೆಳಗೆ ಹೋದ್ರೆ ಫೋನ್ ಮಾಡಿ.'

2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಇಡೀ ಬೀದಿಗೆ ಇದ್ದದ್ದು ಇದೊಂದೇ. ಯಾವ ಮೆಡಿಕಲ್ ಶಾಪಿಗೆ ಹೋದರೂ ಸ್ಟಾಕ್ ಇಲ್ಲ. ಗೇಟಿಗೆ ಕೈಚೀಲ ನೇತುಹಾಕಿ ಅದರಲ್ಲಿಟ್ಟಿದ್ದೆವು. ಬೇಕಾದವರು ಒಯ್ಯುವುದು, ಸ್ಯಾನಿಟೈಸರ್ ಹಚ್ಚಿ ಮತ್ತೆ ತಂದು ಹಾಕುವುದು. ಪಾರ್ಕಿಂಗ್ ಜಗಳದಲ್ಲಿ ಮಾತು ಬಿಟ್ಟಿದ್ದ ಮೂಲೆಮನೆಯವರೂ ಒಯ್ದರು, ಮಾತಾಡದೆಯೇ. (ಆ ಜಗಳ ಈಗ ಮತ್ತೆ ಜೋರಾಗಿದೆ.)

ಒಂದು ರಾತ್ರಿ ಎದುರುಮನೆ ಅಂಕಲ್‌ಗೆ 86 ತೋರಿಸಿತು. ಆಸ್ಪತ್ರೆಯಲ್ಲಿ ಬೆಡ್ ಸಿಗಬೇಕಾದರೆ ಬಿಯು ನಂಬರ್ (ಕೋವಿಡ್ ರೋಗಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ) ಬೇಕು, ಬಿಯು ನಂಬರ್ ಬೇಕಾದರೆ ಟೆಸ್ಟ್ ರಿಪೋರ್ಟ್ ಬರಬೇಕು. ರಿಪೋರ್ಟ್ ಬರುವ ಹೊತ್ತಿಗೆ ಅಂಕಲ್ ಇರಲಿಲ್ಲ. ಆಮೇಲೆ ಆ ಮನೆಗೆ ಹೋಗಿ ಆಕ್ಸಿಮೀಟರ್ ಕೊಡಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಮೊದಲ ಲಾಕ್‌ಡೌನ್ ಶುರುವಾದದ್ದೂ ಯುಗಾದಿಯ ದಿನವೇ, ಇವತ್ತಿಗೆ ಸರಿಯಾಗಿ ಐದು ವರ್ಷ. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ 21 ದಿನ ಅಂದದ್ದೇ ತಡ, ಅಂಗಡಿಗೆ ಓಡಿದ್ದೆವು. ಬೆಲ್ಲ ಸಿಕ್ಕಿತು, ಬೇವನ್ನು ಅಂಕಲ್ಲೇ ಪಾರ್ಕಿನ ಮರದಿಂದ ಕಿತ್ತುಕೊಟ್ಟಿದ್ದರು.

ಸಂಜೆ ಸೆಲ್ಲು ತರಲು ಹೊರಟವನು ತ್ಯಾಗರಾಜನಗರದ ಪ್ಲೇಗ್ ಮಾರಮ್ಮನ ಗುಡಿ ಕಡೆ ಹೋಗಿಬಂದೆ. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಿಗೆ ಹೆದರಿದ ಮೇಲೆ ತಾನೇ ಅಗಲ ರಸ್ತೆ, ಹಿತ್ತಿಲ ಕನ್ಸರ್ವೆನ್ಸಿ ಗಲ್ಲಿ (ಕಸ, ಮಲ ಒಯ್ಯುವ ಓಣಿ) ಇರುವ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೇಗಬೇಗ ಬೆಳೆದದ್ದು! ಆ ಕಾಲದವರು ಊರಿನ ನಕ್ಷೆಯನ್ನೇ ಬದಲಿಸಿದರು, ದೇವಿಗೆ ರೋಗದ ಹೆಸರನ್ನೇ ಇಟ್ಟುಕೊಂಡರು. ನಮ್ಮದು? ರೇಷನ್ ಅಂಗಡಿ ಮುಂದೆ ಬಳಿದಿದ್ದ ಬಿಳಿ ವೃತ್ತಗಳಲ್ಲಿ ಒಂದೂವರೆ ಉಳಿದಿವೆ, ಅದರ ಮೇಲೊಂದು ಸ್ಕೂಟರ್ ನಿಂತಿರುತ್ತದೆ. ಆ ಬೇಸಿಗೆಯ ಮಾತು ಬಂದರೆ ಆಫೀಸಿನಲ್ಲಿ ವರ್ಕ್ ಫ್ರಂ ಹೋಮ್ ನೆನೆದು ನಗುತ್ತಾರೆ, ನಾನೂ ನಗುತ್ತೇನೆ.

ಮನೆಗೆ ಬಂದು ಜಗುಲಿಯಲ್ಲಿ ಕೂತು, ಕಿಲುಬು ಉಜ್ಜಿ, ಹೊಸ ಸೆಲ್ಲು ಹಾಕಿ ಬೆರಳಿಟ್ಟೆ. ಕೆಂಪು ಅಂಕಿ ಮಿಣುಕಿತು: 98. ತಲೆಯೆತ್ತಿದರೆ ಎದುರು ಕಿಟಕಿಯಲ್ಲಿ ಆಂಟಿ. ಬೆರಳಿಂದ ಕಿತ್ತು ಜೇಬಿಗೆ ಹಾಕಿಕೊಂಡು ಒಳಗೆ ಬಂದೆ.